ಎತ್ತಿನ ಸೋಮವಾರ

"ನೋವು ಶುರುವಾಗಿ ಎಷ್ಟು ದಿನ ಆಯ್ತು?" ಎಂದು ಡಾಕ್ಟರು ಕೇಳಿದಾಗ "ಒಂದು ವಾರ ಆಗಿರಬಹುದು ಸರ್" ಅಂದೆ. ಸುಳ್ಳು. ಮೂರು ವಾರ ಕಳೆದಿತ್ತು. ಅಸೈನ್‌ಮೆಂಟ್ ತಡವಾದದ್ದಕ್ಕೆ ಹುಡುಗರು ಕೊಡುವ ಕಾರಣಗಳನ್ನು ಇಷ್ಟು ವರ್ಷ ಕೇಳಿ ನಕ್ಕವನು ನಾನು. ಅವತ್ತು ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಾಗ ನನ್ನ ಸುಳ್ಳೂ ಅದೇ ದರ್ಜೆಯದು ಅನ್ನಿಸಿತು. ವಿಚಿತ್ರವೆಂದರೆ, ನಾನು ತಪ್ಪು ಮಾಡಿದ್ದೇನೆ ಎಂದು ಆ ಹೊತ್ತಿಗೆ ನನಗೆ ಅನ್ನಿಸಿಯೇ ಇರಲಿಲ್ಲ. ಬೆಳಿಗ್ಗೆ ಎದ್ದು ಓಡುವುದು ತಪ್ಪೇ? ಕುಡಿತವಲ್ಲ, ಜೂಜಲ್ಲ. ಮತ್ತೇಕೆ ಮುಚ್ಚಿಟ್ಟೆ?

ನಲವತ್ತು ದಾಟಿದ ಮೇಲೆ ಓಡಲು ಶುರುಮಾಡಿದವನು ನಾನು. ರಕ್ತಪರೀಕ್ಷೆಯಲ್ಲಿ ಸಕ್ಕರೆ ಗಡಿಯ ಹತ್ತಿರ ಬಂದಿತ್ತು. ಮೊದಮೊದಲು ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ನಡಿಗೆ, ಆಮೇಲೆ ನಡಿಗೆಯ ನಡುವೆ ಓಟ, ಆಮೇಲೆ ಬರೀ ಓಟ. ಕೆರೆಯ ಮೇಲಿನ ಮಂಜು, ಹೆಜ್ಜಾರ್ಲೆಗಳು, ಎದುರಿಗೆ ಸಿಕ್ಕವರ ನಮಸ್ಕಾರ, ಎಲ್ಲ ಚೆನ್ನಾಗಿತ್ತು. ಆಮೇಲೆ ನನ್ನ ಮಗಳು ಹುಟ್ಟುಹಬ್ಬಕ್ಕೆ ಕೈಗೆ ಕಟ್ಟುವ ಒಂದು ಗಡಿಯಾರ ಕೊಡಿಸಿದಳು. ಅದು ಹೆಜ್ಜೆ ಎಣಿಸುತ್ತದೆ, ಎದೆಬಡಿತ ಎಣಿಸುತ್ತದೆ, ಬಿಡದೆ ಎಷ್ಟು ದಿನ ಓಡಿದಿರಿ ಎಂದೂ ಎಣಿಸುತ್ತದೆ. ಇಪ್ಪತ್ತನೆಯ ದಿನ ಒಂದು ಸಣ್ಣ ಪದಕದ ಚಿತ್ರ ಬಂತು. ಐವತ್ತಕ್ಕೆ ಇನ್ನೊಂದು. ಅಲ್ಲಿಂದಾಚೆ ನಾನು ಕೆರೆಯನ್ನು ನೋಡಿದ ನೆನಪಿಲ್ಲ.

ಎಂಬತ್ತನೆಯ ದಿನದ ಸುಮಾರಿಗೆ ಎಡಗಾಲಿನ ಕಣಕಾಲಲ್ಲಿ, ಒಳಬದಿಗೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ನೋವು ಕಾಣಿಸಿತು. ಓಡಲು ಶುರುಮಾಡಿದಾಗ ಇರುತ್ತಿತ್ತು, ಸ್ವಲ್ಪ ದೂರ ಹೋದ ಮೇಲೆ ಮಾಯ. ಆಮೇಲೆ ಮಾಯವಾಗುವುದನ್ನು ಬಿಟ್ಟಿತು. ಆಮೇಲೆ ತರಗತಿಯಲ್ಲಿ ನಿಂತಾಗಲೂ ಇರತೊಡಗಿತು. ಬಡಾವಣೆಯ ಜಿಮ್ಮಿನಲ್ಲಿ ವಾರಕ್ಕೆರಡು ಸಲ ನನಗೆ ಭಾರ ಎತ್ತಿಸುವ ಟ್ರೇನರ್ ಹುಡುಗ ನೋಡಿ, "ಸಾರ್, ಎರಡು ವಾರ ಓಡಬೇಡಿ" ಅಂದ. ತೊಂಬತ್ತೊಂದು ಆಗಿತ್ತು. ಇನ್ನು ಒಂಬತ್ತೇ ದಿನ. ನೂರು ಮುಟ್ಟಿಸಿದೆ. ನೂರೊಂದನೆಯ ದಿನ ಮಂಚದಿಂದ ಇಳಿದು ಕಾಲೂರಲು ಆಗಲಿಲ್ಲ.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನನಗೆ ಖುಷಿಯಾಯಿತು, ಡಾಕ್ಟರಿಗೆ ಆಗಲಿಲ್ಲ. ಈ ಬಗೆಯ ಬಿರುಕು ಮೊದಲ ಕೆಲವು ವಾರ ಎಕ್ಸ್‌ರೇಗೆ ಸಿಗದೆ ಇರುವುದು ಮಾಮೂಲು ಎಂದು ಎಂ.ಆರ್.ಐ. ಮಾಡಿಸಿದರು. ಸ್ಟ್ರೆಸ್ ಫ್ರ್ಯಾಕ್ಚರ್. ಎಂಟು ವಾರ ಓಟವಿಲ್ಲ, ಮೊದಲ ಮೂರು ವಾರ ಊರುಗೋಲು, ಆದಷ್ಟೂ ಕಾಲು ಮೇಲಿಟ್ಟುಕೊಂಡು ಮಲಗಿರಬೇಕು.

*

ಮಲಗಿದವನಿಗೆ ಓದುವುದಲ್ಲದೆ ಬೇರೆ ಕೆಲಸವಿರಲಿಲ್ಲ. ಮೂಳೆಯ ಬಗ್ಗೆಯೇ ಓದಿದೆ. ಅಲ್ಲಿಯವರೆಗೆ ಮೂಳೆ ಎಂದರೆ ಕಲ್ಲುಕಂಬ ಎಂದುಕೊಂಡಿದ್ದೆ. ಅದು ಸದಾ ರಿಪೇರಿ ನಡೆಯುತ್ತಿರುವ ಮನೆ. ಒಂದು ಬಗೆಯ ಜೀವಕೋಶಗಳು ಸವೆದ ಭಾಗವನ್ನು ಕರಗಿಸಿ ತೆಗೆಯುತ್ತವೆ, ಇನ್ನೊಂದು ಬಗೆಯವು ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತವೆ. ಕೆಡವುವ ಗುಂಪು ಚುರುಕು, ಕೆಲವೇ ವಾರಗಳಲ್ಲಿ ಕೆಲಸ ಮುಗಿಸುತ್ತದೆ. ಕಟ್ಟುವ ಗುಂಪಿಗೆ ತಿಂಗಳುಗಳು ಬೇಕು. ಓಡಿದಾಗ ಬೀಳುವ ಪೆಟ್ಟು ಕೆಟ್ಟದ್ದಲ್ಲ. ಎಲ್ಲಿ ಗಟ್ಟಿಯಾಗಬೇಕು ಎಂದು ಮೂಳೆಗೆ ತಿಳಿಯುವುದೇ ಆ ಪೆಟ್ಟಿನಿಂದ. ಆದರೆ ಕಟ್ಟುವವರು ಬರುವ ಮೊದಲೇ ಮತ್ತೆ ಮತ್ತೆ ಪೆಟ್ಟು ಬಿದ್ದರೆ, ಅರ್ಧ ಕೆಡವಿದ ಗೋಡೆಯ ಮೇಲೆ ಮಾಳಿಗೆ ಹೊರಿಸಿದಂತೆ. ಬಿರುಕು ಬಿಡುತ್ತದೆ. ಇದನ್ನು ಮೊದಲು ಗುರುತಿಸಿ ಬರೆದವನು ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯಾದ ಸೇನಾ ವೈದ್ಯ, 1855ರಲ್ಲಿ. ಎಕ್ಸ್‌ರೇ ಬರಲು ಇನ್ನೂ ನಲವತ್ತು ವರ್ಷ ಬಾಕಿಯಿತ್ತು. ದೂರದೂರ ಕವಾಯತು ಮಾಡಿಸಿದ ಸೈನಿಕರ ಪಾದಗಳು ಬಿದ್ದು ಗಾಯವಾಗದೆಯೂ ಬಾತುಕೊಂಡು ನೋಯುವುದನ್ನು ಅವನು ಗಮನಿಸಿದ್ದ. ಆ ಸೈನಿಕರಿಗಾದರೂ ಹಿಂದೆ ಒಬ್ಬ ಅಧಿಕಾರಿ ಇದ್ದ, ನಿಲ್ಲುವ ಸ್ವಾತಂತ್ರ್ಯ ಇರಲಿಲ್ಲ. ನನಗೆ ಯಾರಿದ್ದರು?

ಸ್ನಾಯುವಿನದೂ ಹೆಚ್ಚುಕಡಿಮೆ ಇದೇ ಕಥೆ. ಜಿಮ್ಮಿನಲ್ಲಿ ಭಾರ ಎತ್ತುವಾಗ ತೋಳು ಬೆಳೆಯುತ್ತದೆ ಎಂದು ಕನ್ನಡಿಯ ಮುಂದೆ ನಿಂತ ಹುಡುಗರೆಲ್ಲ ನಂಬಿರುತ್ತಾರೆ. ಆಗ ಆಗುವುದು ದಣಿವು, ಸಣ್ಣಪುಟ್ಟ ಹಾನಿ. ಬೆಳೆಯುವ ಕೆಲಸ ಮುಂದಿನ ಒಂದೆರಡು ದಿನ, ನಾವು ಬೇರೆ ಏನನ್ನೋ ಮಾಡುತ್ತಿರುವಾಗ, ಸದ್ದಿಲ್ಲದೆ ನಡೆಯುತ್ತದೆ. ಸ್ನಾಯುವಿನಲ್ಲಿ ಖಾಲಿಯಾದ ಸಕ್ಕರೆಯ ದಾಸ್ತಾನು ತುಂಬಲು ಒಂದು ದಿನವೋ ಹೆಚ್ಚೋ ಹಿಡಿಯುತ್ತದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸುರಿಯುವುದು ರಾತ್ರಿಯ ಮೊದಲ ಗಾಢನಿದ್ದೆಯಲ್ಲಿ. ವ್ಯಾಯಾಮ ಅರ್ಜಿ ಹಾಕಿದಂತೆ. ಮಂಜೂರಾಗುವುದು ಮಲಗಿದ ಮೇಲೆ.

ಇದನ್ನು ಓದುತ್ತ ನನಗೆ ನಮ್ಮದೇ ಒಂದು ಮಾತು ನೆನಪಾಯಿತು. ಹೊರೆ ಹೊತ್ತು ಬಂದವರಿಗೆ, ಏದುಸಿರು ಬಿಡುವವರಿಗೆ, ಜ್ವರ ಬಿಟ್ಟವರಿಗೆ ನಾವು "ಸ್ವಲ್ಪ ಸುಧಾರಿಸ್ಕೊ" ಅನ್ನುತ್ತೇವೆ. ದಣಿವಾರಿಸಿಕೋ ಎಂಬುದೇ ಅರ್ಥ. ಆದರೆ ಸುಧಾರಣೆ ಎಂದರೆ ಉತ್ತಮಗೊಳ್ಳುವುದು ಕೂಡ. ಭೂಸುಧಾರಣೆ, ಸಮಾಜ ಸುಧಾರಣೆ ಅನ್ನುವಾಗ ಇರುವುದೂ ಅದೇ ಪದ. ಗೋಡೆಗೊರಗಿ ಉಸಿರು ಬಿಡುತ್ತ ಕೂತವನು ಕನ್ನಡದಲ್ಲಿ ಸುಮ್ಮನೆ ಕೂತಿಲ್ಲ, ಸುಧಾರಿಸಿಕೊಳ್ಳುತ್ತಿದ್ದಾನೆ. ಹೊರೆ ಇಳಿಸಿ ಕೂತವರನ್ನು ನೋಡಿಯೇ ಯಾರೋ ಈ ಮಾತನ್ನು ಹೀಗೆ ಬಳಸತೊಡಗಿರಬೇಕು. ಪಾಠ ಹೇಳುವ ನಾನು ಈ ಪದವನ್ನು ಸಾವಿರ ಸಲ ಬಳಸಿದ್ದೇನೆ, ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

ಮಲಗಿದವನಿಗೆ ಸಮಾಧಾನ ಕೊಡುವ ಕಥೆಗಳೂ ಬೇಕಾದಷ್ಟು ಸಿಕ್ಕವು. ನನಗೆ ಹೆಚ್ಚು ಹಿಡಿಸಿದ್ದು ರೋಜರ್ ಬ್ಯಾನಿಸ್ಟರನದು. ನಾಲ್ಕು ನಿಮಿಷದೊಳಗೆ ಒಂದು ಮೈಲಿ ಓಡಬೇಕೆಂದು ಹೊರಟಿದ್ದ ವೈದ್ಯಕೀಯ ವಿದ್ಯಾರ್ಥಿ. 440 ಗಜದ ಸುತ್ತನ್ನು ಹತ್ತು ಸಲ, ನಡುವೆ ಸಣ್ಣ ಬಿಡುವು ಕೊಟ್ಟು, ಒಂದೊಂದನ್ನೂ 60 ಸೆಕೆಂಡಿನಲ್ಲಿ ಮುಗಿಸಬೇಕು ಎಂಬುದು ಅಭ್ಯಾಸ. 1954ರ ವಸಂತದಲ್ಲಿ ಅದು 61ಕ್ಕೆ ಬಂದು ಕೂತುಬಿಟ್ಟಿತು. ಎಷ್ಟು ಒದ್ದಾಡಿದರೂ ಆ ಒಂದು ಸೆಕೆಂಡು ಅಲುಗಲಿಲ್ಲ. ಆಗ ಅವನೂ ಗೆಳೆಯ ಕ್ರಿಸ್ ಬ್ರಾಷರನೂ ಓಟ ಬಿಟ್ಟು ಸ್ಕಾಟ್ಲೆಂಡಿಗೆ ಬೆಟ್ಟ ಹತ್ತಲು ಹೋದರು. ಕೆಲವು ದಿನ ಬಿಟ್ಟು ಬಂದು ಓಡಿದರೆ 59. ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಅವನು 3 ನಿಮಿಷ 59.4 ಸೆಕೆಂಡಿನಲ್ಲಿ ಮೈಲಿ ಮುಗಿಸಿದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲಿನ ಕೊನೆಯ ಕೆಲವು ದಿನಗಳೂ ಅವನು ಓಡಿರಲಿಲ್ಲ. ಇನ್ನೊಂದು ಎಮಿಲ್ ಝಾಟೊಪೆಕ್‌ನ ಕಥೆ. ಅಭ್ಯಾಸದಲ್ಲಿ ರಾಕ್ಷಸನೆಂದೇ ಹೆಸರಾದ ಅವನು 1950ರ ಯುರೋಪಿಯನ್ ಕ್ರೀಡಾಕೂಟದ ಮೊದಲು ಹೊಟ್ಟೆಕೆಟ್ಟು ಆಸ್ಪತ್ರೆ ಸೇರಿದ್ದ. ಬಲವಂತವಾಗಿ ಮಲಗಿ ಎದ್ದು ಬಂದವನು ಬ್ರಸೆಲ್ಸ್‌ನಲ್ಲಿ ಐದು ಸಾವಿರ, ಹತ್ತು ಸಾವಿರ ಮೀಟರು ಎರಡನ್ನೂ ಗೆದ್ದ. ಹತ್ತು ಸಾವಿರದಲ್ಲಿ ಎರಡನೆಯವನಿಗೂ ಅವನಿಗೂ ಒಂದು ಸುತ್ತಿನಷ್ಟು ಅಂತರವಿತ್ತು.

ನಮ್ಮ ಹಳೆಯ ವೈದ್ಯರಂತೂ ಇದನ್ನು ಶಾಸ್ತ್ರವನ್ನೇ ಮಾಡಿಟ್ಟಿದ್ದಾರೆ. ಬಲಶಾಲಿಗಳು, ತುಪ್ಪ ಎಣ್ಣೆ ತಿನ್ನುವವರು ಕೂಡ ಚಳಿಗಾಲ ಮತ್ತು ವಸಂತದಲ್ಲಿ ಅರ್ಧ ಶಕ್ತಿಯಷ್ಟೇ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕಿಂತಲೂ ಕಡಿಮೆ ಎನ್ನುತ್ತಾನೆ ಅಷ್ಟಾಂಗಹೃದಯದ ವಾಗ್ಭಟ. ಅತಿಯಾಗಿ ಮಾಡುವವನನ್ನು ಅವನು ಆನೆಯನ್ನು ಎಳೆಯಲು ಹೋಗಿ ತಾನೇ ಸಾಯುವ ಸಿಂಹಕ್ಕೆ ಹೋಲಿಸುತ್ತಾನೆ. ಇಲ್ಲಿ ಮೈಸೂರಿನಲ್ಲೇ, ದೇಶವಿದೇಶದವರು ಬಂದು ಕಲಿಯುವ ಅಷ್ಟಾಂಗ ಯೋಗದ ಪದ್ಧತಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಅಭ್ಯಾಸವಿಲ್ಲ. ಬೇರೆ ದಿನ ಬೆಳಗಿನ ಜಾವಕ್ಕೇ ಏಳುವವರು ಅವತ್ತು ಗೋಕುಲಂನ ಹೋಟೆಲುಗಳಲ್ಲಿ ನಿಧಾನವಾಗಿ ಕಾಫಿ ಕುಡಿಯುತ್ತ ಕೂತಿರುತ್ತಾರೆ.

*

ಎರಡನೆಯ ವಾರದ ಹೊತ್ತಿಗೆ ಈ ಕಥೆಗಳೇ ಚುಚ್ಚತೊಡಗಿದವು. ಬ್ಯಾನಿಸ್ಟರ್ ಬೆಟ್ಟ ಹತ್ತಿ ಬಂದು ಓಡಿ ಸೋತಿದ್ದರೆ? ಆ ಬೆಟ್ಟದ ದಿನಗಳು ದಂಡವಾಗುತ್ತಿದ್ದವೇ? ನಾವು ವಿಶ್ರಾಂತಿಯನ್ನು ಹೊಗಳುವಾಗೆಲ್ಲ ಅದರ ಬೆನ್ನಿಗೊಂದು ಗೆಲುವನ್ನು ಕಟ್ಟಿ ಹೊಗಳುತ್ತೇವೆ. ಮಲಗು, ಸ್ನಾಯು ಬೆಳೆಯುತ್ತದೆ. ಮಲಗು, ನಾಳೆ ಇನ್ನೂ ಜೋರಾಗಿ ಓಡಬಹುದು. ಮಲಗುವುದಕ್ಕೂ ಕೂಲಿ ಗೊತ್ತುಮಾಡಿದಂತೆ.

ನನಗೆ ಆದದ್ದೂ ಅದೇ. ಮೊದಲ ವಾರ ಮುಗಿಯುವುದರೊಳಗೆ ನನ್ನ ವಿಶ್ರಾಂತಿಯೇ ಒಂದು ಕಸರತ್ತಾಗಿತ್ತು. ಗಡಿಯಾರ ಈಗ ಹೆಜ್ಜೆಯ ಬದಲು ನಿದ್ದೆಗೆ ಅಂಕ ಕೊಡುತ್ತಿತ್ತು. 72 ಬಂದ ಬೆಳಿಗ್ಗೆ ಮಂಕು, 85 ಬಂದರೆ ಹಿಗ್ಗು. 58 ಬಂದ ದಿನ ರಾತ್ರಿ, ನಾಳೆಯಾದರೂ ಒಳ್ಳೆಯ ಅಂಕ ಬರಬೇಕಲ್ಲ ಎಂಬ ಚಿಂತೆಯಲ್ಲಿ ಎರಡು ಗಂಟೆಯವರೆಗೆ ನಿದ್ದೆಯೇ ಬರಲಿಲ್ಲ. ಪ್ರೋಟೀನು ಎಷ್ಟು ಗ್ರಾಂ, ಕ್ಯಾಲ್ಸಿಯಂ ಎಷ್ಟು, ಡಿ ವಿಟಮಿನ್ನಿಗೆ ಬಿಸಿಲಲ್ಲಿ ಎಷ್ಟು ನಿಮಿಷ ಎಂದು ನೋಟುಪುಸ್ತಕದಲ್ಲಿ ಗೆರೆ ಹಾಕಿ ಬರೆದುಕೊಳ್ಳುತ್ತಿದ್ದೆ. ಓಟ ನಿಂತಿತ್ತು, ಓಡಿಸುವವನು ನಿಂತಿರಲಿಲ್ಲ.

ಅರಿಸ್ಟಾಟಲ್ ಈ ವಿಷಯದಲ್ಲಿ ನಿಷ್ಠುರ. ದಣಿವಾರಿಸಿಕೊಳ್ಳುವುದು ಗುರಿಯಲ್ಲ, ಮತ್ತೆ ಕೆಲಸ ಮಾಡಲಿಕ್ಕಾಗಿಯೇ ಅದನ್ನು ಮಾಡುತ್ತೇವೆ ಎನ್ನುತ್ತಾನೆ. ಆದರೆ ಬಿಡುವು ಎಂಬುದನ್ನು ಅವನು ಬೇರೆಯಾಗಿ ಎತ್ತಿಡುತ್ತಾನೆ. ದುಡಿಯುವುದು ಬಿಡುವಿಗಾಗಿ, ಬಿಡುವು ಮಾತ್ರ ಇನ್ನಾವುದಕ್ಕಾಗಿಯೂ ಅಲ್ಲ. ಆ ಬಿಡುವಿಗೆ ಗ್ರೀಕಿನಲ್ಲಿದ್ದ ಸ್ಖೊಲೆ ಎಂಬ ಪದದಿಂದಲೇ ನಮ್ಮ ಸ್ಕೂಲು ಬಂದದ್ದು ಎಂದು ತರಗತಿಯಲ್ಲಿ ಹೇಳಿದರೆ ಹುಡುಗರು ನಗುತ್ತಾರೆ. ನನಗೆ ಈ ವಿಂಗಡಣೆ ಇಷ್ಟವೇ. ಒಂದು ತೊಡಕು ಮಾತ್ರ ಇದೆ. ಅವನ ಬಿಡುವಿನ ಗೃಹಸ್ಥನ ಮನೆಯಲ್ಲಿ ಗುಲಾಮರಿದ್ದರು. ಇದನ್ನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಟ್ಟು ಪುಟ ತಿರುಗಿಸಿದೆ. ಅದು ನನ್ನ ಮನೆಯ ವಿಷಯವೂ ಹೌದು ಎಂದು ಆಗ ಹೊಳೆಯಲಿಲ್ಲ.

*

ನನ್ನ ಹೆಂಡತಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಒಂಬತ್ತಕ್ಕೆ ಮನೆ ಬಿಡಬೇಕು. ಹಾಗಾಗಿ ಮಳವಳ್ಳಿ ಕಡೆಯ ನಮ್ಮೂರಿನಿಂದ ಅವ್ವ ಬಂದಳು. ಎಪ್ಪತ್ತೆರಡು ವರ್ಷ. ಕೈಯಲ್ಲಿ ಹುರುಳಿಕಾಳಿನ ಚೀಲ, ನಾಟಿ ಕೋಳಿಮೊಟ್ಟೆ. ನನ್ನ ಕಾಲು ನೋಡಿ, ನಡೆದದ್ದನ್ನೆಲ್ಲ ಕೇಳಿ, ಅವಳು ಮರುಗುತ್ತಾಳೆ ಎಂದುಕೊಂಡಿದ್ದೆ.

"ನೂರ್ ದಿವ್ಸ ಒಂದೇ ಸಮ್ನೆ ಓಡ್ದಾ? ಎತ್ಗಾದ್ರೂ ಸ್ವಾಮಾರ ಅದೆ ಕಣಪ್ಪ" ಅಂದಳು.

ನಮ್ಮ ಕಡೆಯಲ್ಲಿ ಸೋಮವಾರ ಎತ್ತಿಗೆ ನೊಗ ಹಾಕುವುದಿಲ್ಲ. ಬಸವನ ವಾರ. ಅವತ್ತು ಎತ್ತುಗಳ ಮೈ ತೊಳೆದು, ಹೆಗಲು ನೋಡಿ, ನೊಗ ಉಜ್ಜಿ ಗಾಯವಾಗಿದ್ದರೆ ಎಣ್ಣೆ ಅರಿಸಿನ ಹಚ್ಚಿ, ಹುಲ್ಲು ಹಾಕಿ ನೆರಳಿಗೆ ಕಟ್ಟುತ್ತಿದ್ದರು. ಟ್ರ್ಯಾಕ್ಟರು ಬಂದ ಮೇಲೆ ಈಗ ಎತ್ತುಗಳೇ ಕಡಿಮೆ, ಟ್ರ್ಯಾಕ್ಟರಿಗೆ ಸೋಮವಾರವಿಲ್ಲ. ನಾನು ಚಿಕ್ಕವನಿದ್ದಾಗ ತಾತನ ಕೊಟ್ಟಿಗೆಯಲ್ಲಿ ಇದನ್ನೆಲ್ಲ ನೋಡಿದ್ದೆ, ಹಬ್ಬಹರಿದಿನಗಳ ಹಾಗೆ ಇದೂ ಒಂದು ಎಂದು ಮರೆತಿದ್ದೆ. ಸೋಮವಾರ, ಸೋಮಾರಿ ಎರಡೂ ಕಿವಿಗೆ ನೆಂಟರಂತೆ ಕೇಳಿಸುತ್ತವೆ. ತಾತನ ಮುಂದೆ ಹಾಗೆ ಹೇಳಿದ್ದರೆ ಬಾರುಕೋಲು ನನ್ನ ಬೆನ್ನಿಗೆ ಬೀಳುತ್ತಿತ್ತು.

ವಾದ ಮಾಡುವ ಚಟದವನಾದ್ದರಿಂದ ನಾನು ಅವ್ವನಿಗೆ ಹೇಳಿದೆ: ಅದೂ ಲೆಕ್ಕಾಚಾರವೇ ಅಲ್ಲವೇ, ಒಂದು ದಿನ ಬಿಟ್ಟರೆ ಎತ್ತು ಆರು ದಿನ ಚೆನ್ನಾಗಿ ಎಳೆಯುತ್ತದೆ, ಅದಕ್ಕೇ ಮಾಡಿರಬೇಕು. ಅವ್ವ ಒಪ್ಪಲಿಲ್ಲ. ಒಂದು ವರ್ಷದ ಕಥೆ ಹೇಳಿದಳು. ಅವಳು ಮದುವೆಯಾಗಿ ಬಂದ ಹೊಸತು. ರಾಗಿ ಬಿತ್ತುವ ಕಾಲಕ್ಕೆ ಮಳೆಯಿಲ್ಲದೆ ಎಲ್ಲರೂ ಆಕಾಶ ನೋಡುತ್ತಿದ್ದರು. ಕೊನೆಗೆ ಒಂದು ಶನಿವಾರ ರಾತ್ರಿ ಮಳೆ ಹೊಯ್ಯಿತು. ಭಾನುವಾರ ನೆಲ ಕೆಸರು. ಸೋಮವಾರ ಬೆಳಿಗ್ಗೆ ಹೊಲ ಹದಕ್ಕೆ ಬಂದು ನಿಂತಿತ್ತು. ಮಳೆಯಾಶ್ರಯದ ಬೇಸಾಯ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹದ ಅನ್ನುವುದು ಕಾಯುವುದಿಲ್ಲ. ಬಿಸಿಲು ಜೋರಾದರೆ ಒಂದೇ ದಿನಕ್ಕೆ ಹೋಯಿತು. ಊರಿನಲ್ಲಿ ಒಂದಿಬ್ಬರು ಕದ್ದು ಮುಚ್ಚಿ ಹೂಡಿದರು. ತಾತ ಜಗಲಿಯ ಮೇಲೆ ಕೂತು ಬೀಡಿಯ ಮೇಲೆ ಬೀಡಿ ಸೇದಿದರು, ಎರಡು ಸಲ ಕೊಟ್ಟಿಗೆಯವರೆಗೆ ಹೋಗಿ ಬಂದರು, ಎತ್ತು ಬಿಚ್ಚಲಿಲ್ಲ. ಮಂಗಳವಾರ ನೆಲ ಅರ್ಧ ಒಣಗಿತ್ತು. ಆ ವರ್ಷ ಪೈರು ಒತ್ತಾಗಿ ಹುಟ್ಟಲಿಲ್ಲ, ಕಣಕ್ಕೆ ಬಂದದ್ದು ಕಡಿಮೆ. ಮುಂದಿನ ಸೋಮವಾರವೂ ಎತ್ತು ನೆರಳಲ್ಲೇ ಇತ್ತು.

"ಇಷ್ಟ್ ದಿನ ಕಾದಿದ್ರಲ್ಲ, ಒಂದಿನ ಹೂಡ್ಬೋದಾಗಿತ್ತಲ್ವಾ ಅವ್ವ?"

"ಮಳೆರಾಯ್ನಿಗೆ ಗೊತ್ತಿಲ್ವಾ ಸ್ವಾಮಾರ ಅಂತ?" ಅಂದಳು. ಆಮೇಲೆ, "ಅದದ್ಕೂ ಸ್ವಾಮಾರ್ಕೂ ಸಂಬಂಧ ಇಲ್ಲ ಕಣಪ್ಪ. ಅದು ಎತ್ತಿನ್ ದಿವ್ಸ. ನಮ್ದಲ್ಲ."

ಈ ಕಡೆಯ ಮಾತು ನನ್ನೊಳಗೆ ಕೂತುಬಿಟ್ಟಿತು. ಲಾಭ ತರುವಾಗ ಕೊಡುವ ರಜೆ ಉಳುವವನ ಜಾಣತನ. ನಷ್ಟವಾಗುವ ದಿನವೂ ಕಿತ್ತುಕೊಳ್ಳದ ರಜೆ ಬೇರೆಯದು, ಅದು ಎತ್ತಿನದು. ತಾತನಿಗೆ ಶರೀರಶಾಸ್ತ್ರ ಗೊತ್ತಿರಲಿಲ್ಲ ಎಂದಲ್ಲ. ಹೆಗಲಿನ ಗಾಯ ಎಷ್ಟು ದಿನಕ್ಕೆ ಮಾಯುತ್ತದೆ ಎಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ದಿನ ತಮ್ಮ ಜೇಬಿನದಲ್ಲ ಎಂದು ಒಪ್ಪಿಕೊಂಡಿದ್ದರು. ನನ್ನ ದೇಹದ ವಿಷಯದಲ್ಲಿ ನಾನು ಒಪ್ಪಿಕೊಳ್ಳದೆ ಹೋದದ್ದು ಇದನ್ನೇ. ಕಾಲು ನನ್ನದು, ನನ್ನ ಇಷ್ಟ ಎಂದುಕೊಂಡಿದ್ದೆ. ನನ್ನದೇ ಎತ್ತು, ನನ್ನದೇ ಹೊಲ, ಯಾರಿಗೆ ಲೆಕ್ಕ ಕೊಡಬೇಕು? ಡಾಕ್ಟರ ಮುಂದೆ ಬಂದ ಸುಳ್ಳು ಅಲ್ಲಿಂದಲೇ ಬಂದದ್ದು. ಗಾಯಗೊಂಡ ಹೆಗಲಿಗೆ ನೊಗ ಹಾಕಿದವನು ಕೇಳಿದವರಿಗೆಲ್ಲ "ನಿನ್ನೆ ಮೊನ್ನೆ ಆದದ್ದು" ಎಂದೇ ಹೇಳುತ್ತಾನೆ.

ನೂರನೆಯ ದಿನದ ಪದಕವನ್ನು ನಾನು ಶಿಸ್ತು ಎಂದು ಕರೆದಿದ್ದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ತಿರುಗಿ ಕಳಿಸಿದ ಕಥೆಯನ್ನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಕಾಯಕದ ಬಗ್ಗೆ ಮಾತಾಡುವವರೆಲ್ಲ ಮಾರಯ್ಯ ಬೆಳಿಗ್ಗೆ ಎದ್ದು ಹೋದದ್ದನ್ನು ಹೇಳುತ್ತಾರೆ, ಲಕ್ಕಮ್ಮ ಬಾಗಿಲಲ್ಲಿ ತಡೆದದ್ದನ್ನು ಅಷ್ಟಾಗಿ ಹೇಳುವುದಿಲ್ಲ. ದುಡಿದು ತಂದದ್ದರಲ್ಲೂ ಆಸೆ ಇರಬಹುದು ಎಂದು ಅವಳಿಗೆ ಕಂಡಿತ್ತು. ಬೆವರು ಸುರಿಸಿದ್ದೇನೆ ಎಂಬ ಒಂದೇ ಕಾರಣಕ್ಕೆ ಅದು ಆಸೆಯಲ್ಲ ಎಂದು ನಾನು ನಂಬಿದ್ದೆ.

*

ಮೂರನೆಯ ವಾರದ ಒಂದು ಮಧ್ಯಾಹ್ನ. ನಮ್ಮ ಮಲಗುವ ಕೋಣೆ ಮಹಡಿಯ ಮೇಲಿದೆ. ಅವ್ವ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿಸಿತು. ಅದಕ್ಕೂ ಮೊದಲು ಹತ್ತಿಪ್ಪತ್ತು ಸಲವಾದರೂ ಕೇಳಿದ್ದೆನೇನೋ, ಅವತ್ತು ಗಮನಕ್ಕೆ ಬಂತು. ಒಂದು ಹೆಜ್ಜೆ, ಆಮೇಲೆ ಇನ್ನೊಂದು ಕಾಲನ್ನು ಅದರ ಪಕ್ಕಕ್ಕೆ ಎಳೆದು ತರುವ ಸದ್ದು, ಒಂದು ಉಸಿರು, ಮತ್ತೆ ಒಂದು ಹೆಜ್ಜೆ. ಕೈಯಲ್ಲಿ ಹುರುಳಿಕಟ್ಟಿನ ಸಾರಿನ ಲೋಟ. ಹದಿನೆಂಟು ಮೆಟ್ಟಿಲು. ಅವಳ ಎರಡೂ ಮಂಡಿ ಸವೆದು ಆರೇಳು ವರ್ಷವಾಗಿದೆ. ಮೆಟ್ಟಿಲು ಹತ್ತಬೇಡಿ, ಕುಕ್ಕರುಗಾಲಲ್ಲಿ ಕೂರಬೇಡಿ, ರೆಸ್ಟ್ ಮಾಡಿ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ನನ್ನದೇ ಫೈಲಿನಲ್ಲಿದೆ. ನಾನೇ ಕರೆದುಕೊಂಡು ಹೋಗಿ ತೋರಿಸಿದ್ದೆ.

ಹಾಗಾದರೆ ನನ್ನ ಎಂಟು ವಾರದ ವಿಶ್ರಾಂತಿ ಈ ಮಂಡಿಗಳ ಮೇಲೆ ನಿಂತಿತ್ತು. ಅರಿಸ್ಟಾಟಲನ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿದವನು ನಾನೇ.

ಅವಳನ್ನು ಕೂರಿಸಿ ಕೇಳಿದೆ. "ಸ್ವಾಮಾರ ಎತ್ತಿಗೆ ರಜ. ನಿಂಗೆ ಏನ್ ಕೆಲ್ಸ ಇರ್ತಿತ್ತವ್ವ ಅವತ್ತು?"

ಸ್ವಲ್ಪ ಯೋಚಿಸಿ ಹೇಳಿದಳು, "ಸ್ವಾಮಾರ ಗಂಡಸ್ರೆಲ್ಲ ಮನೇಲೇ ಇರೋರಲ್ಲ, ಅಡ್ಗೆ ಜಾಸ್ತಿ."

ದೂರಿನ ದನಿಯೇನಲ್ಲ. ನಕ್ಕೇ ಹೇಳಿದಳು. ಎತ್ತಿನ ಮೈ ತೊಳೆಯಲು ನೀರು ಸೇದುವುದು, ಕೊಟ್ಟಿಗೆ ಬಾಚುವುದು, ಮನೆ ಸಾರಿಸುವುದು ಎಲ್ಲ ಸೇರಿ ಸೋಮವಾರವೇ ಹೆಚ್ಚು ದಣಿವಂತೆ. ಎತ್ತಿನ ದಿನವನ್ನು ನಷ್ಟದಲ್ಲೂ ಮುಟ್ಟದ ತಾತ, ಸೊಸೆಗೆ ಯಾವ ವಾರ ಎಂದು ಒಮ್ಮೆಯೂ ಕೇಳಿಕೊಂಡಿರಲಾರರು. ನಾನು ತಾತನನ್ನು ಈಗ ಕೆಳಗಿಳಿಸಲು ಹೊರಟಿಲ್ಲ. ಅವರ ಸೋಮವಾರ ನಿಜವಾದದ್ದು. ಅದು ಕೊಟ್ಟಿಗೆಯ ಬಾಗಿಲು ದಾಟಿ ಅಡುಗೆಮನೆಗೆ ಬರಲಿಲ್ಲ, ಅಷ್ಟೆ. ಗಂಡಸಿನ ಬಿಡುವನ್ನು ಬೇಯಿಸಿ ಬಡಿಸುವವರು ಯಾರು ಎಂಬ ಪ್ರಶ್ನೆ ಅವರಿಗೆ ಬರಲಿಲ್ಲ. ನನಗೂ ಮೂರು ವಾರ ಬೇಕಾಯಿತು, ಅದೂ ಸದ್ದು ಕೇಳಿ.

ಒಂದು ಸಲ ಕಿವಿ ತೆರೆದರೆ ಎಲ್ಲ ಕಡೆಯೂ ಕೇಳಿಸುತ್ತದೆ. ಎಂಟು ಗಂಟೆ ನಿದ್ದೆ ಮಾಡಿ ಸಾರ್ ಎಂದು ನನಗೆ ಹೇಳುವ ಆ ಟ್ರೇನರ್ ಹುಡುಗ ಬೆಳಿಗ್ಗೆ ಐದಕ್ಕೆ ಜಿಮ್ಮಿನ ಬಾಗಿಲು ತೆಗೆಯುತ್ತಾನೆ, ರಾತ್ರಿ ಹತ್ತೂವರೆಗೆ ಮುಚ್ಚುತ್ತಾನೆ, ನಡುವೆ ಮಧ್ಯಾಹ್ನ ಊಟ ತಲುಪಿಸುವ ಕೆಲಸಕ್ಕೆ ಬೈಕು ಓಡಿಸುತ್ತಾನೆ. ಅವನು ಹೇಳುವ ಸೂತ್ರಗಳೆಲ್ಲ ಸರಿಯಿವೆ. ಅವನ ದಿನದಲ್ಲಿ ಅವಕ್ಕೆ ಜಾಗವಿಲ್ಲ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ನೋ ಡೇಸ್ ಆಫ್' ಎಂದು ಬರೆದಿದೆ. ಅಲ್ಲಿಗೆ ದುಡ್ಡು ಕೊಟ್ಟು ಬರುವ ನಮಗೆ ಅದು ಹುಮ್ಮಸ್ಸಿನ ಘೋಷಣೆ, ಅವನಿಗೆ ನೌಕರಿಯ ಷರತ್ತು. ಭಾನುವಾರದ ರಜೆ ಈ ದೇಶದ ಕಾರ್ಮಿಕರಿಗೆ ತಾನಾಗಿ ಬಂದದ್ದಲ್ಲ. ಮುಂಬಯಿಯ ಗಿರಣಿ ಕೆಲಸಗಾರರಿಗಾಗಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ ಮೇಲೆ, 1890ರಲ್ಲಿ ಮಾಲೀಕರು ಒಪ್ಪಿದರು. 1948ರ ಕಾರ್ಖಾನೆ ಕಾಯಿದೆಯಲ್ಲಿ ವಾರದ ರಜೆಗೆ ಒಂದು ಕಲಮೇ ಇತ್ತು. ಕಾರ್ಖಾನೆಯೊಳಗಿನವರಿಗೆ ಅದು. ಅಡುಗೆಮನೆ ಕಾರ್ಖಾನೆಯಲ್ಲ.

ವ್ಯಾಯಾಮದ ಪುಸ್ತಕಗಳು ದೇಹದ ಮಾತಾಡುವಾಗ ಎಲ್ಲ ದೇಹವೂ ಒಂದೇ ಅನ್ನುತ್ತವೆ. ಶರೀರಶಾಸ್ತ್ರದ ಮಟ್ಟಿಗೆ ಅದು ನಿಜ. ಅವ್ವನ ಮೂಳೆಯಲ್ಲೂ ಅದೇ ಎರಡು ಗುಂಪಿನ ಕೋಶಗಳಿವೆ, ನೀರು ಹೊತ್ತ ಅವಳ ಕತ್ತಿಗೂ ಭಾರ ಎತ್ತಿದ ನನ್ನ ತೋಳಿಗೂ ಬೇಕಾದ ರಾತ್ರಿ ಒಂದೇ ಬಗೆಯದು. ಆದರೆ ನನ್ನ ದಣಿವಿಗೆ ವರ್ಕೌಟ್ ಎಂಬ ಹೆಸರಿದೆ, ಅದರ ಜೊತೆಗೆ ರಿಕವರಿ ಎಂಬ ಹಕ್ಕೂ ಬರುತ್ತದೆ. ಅವಳ ದಣಿವಿಗೆ ಹೆಸರಿಲ್ಲ. ನಾಟಿ ಮಾಡಿ ಬಗ್ಗಿದ ಸೊಂಟ ನೋಡಿ ಯಾರೂ "ಇವತ್ತು ರೆಸ್ಟ್ ಡೇ ಅಮ್ಮ" ಅನ್ನುವುದಿಲ್ಲ. ನಾನು ಕೂಡ ಅಂದಿರಲಿಲ್ಲ.

*

ಮಂಚವನ್ನು ಕೆಳಗಿನ ಕೋಣೆಗೆ ಇಳಿಸಿದೆವು. ಮೊದಲನೆಯ ದಿನವೇ ಮಾಡಬಹುದಾಗಿದ್ದ ಕೆಲಸ. ಊರುಗೋಲು ಬಿಟ್ಟ ಮೇಲೆ ಕೂತು ಮಾಡುವ ಅಡುಗೆ ಕೆಲಸ ನನ್ನದು ಎಂದೆ. ಅವ್ವನಿಗೆ ಅದು ಹಿಡಿಸಲಿಲ್ಲ, ನಾನು ಹೆಚ್ಚಿದ ಈರುಳ್ಳಿಯನ್ನು ಮತ್ತೊಮ್ಮೆ ಹೆಚ್ಚುತ್ತಿದ್ದಳು. ಎಂಟು ವಾರ ಮುಗಿದು ಕೆರೆ ದಂಡೆಗೆ ಹೋದಾಗ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಆ ಒಂದು ನಿಮಿಷಕ್ಕೇ ಉಸಿರು ಹಿಡಿಯಿತು. ಹೆಜ್ಜಾರ್ಲೆಗಳು ಅಲ್ಲೇ ಇದ್ದವು. ಈಗ ವಾರಕ್ಕೆ ನಾಲ್ಕು ದಿನ ಓಡುತ್ತೇನೆ. ಸೋಮವಾರ ಓಡುವುದಿಲ್ಲ, ಅವತ್ತು ಮೈ ಹಗುರವಾಗಿ ಕಾಲು ತಾನಾಗಿ ಎಳೆಯುತ್ತಿದ್ದರೂ. ಹಾಗೆ ಎಳೆಯುವ ಸೋಮವಾರವೇ ಕಷ್ಟ.

ಅವ್ವ ಮಾತ್ರ ನನ್ನ ಕಾಲು ಸರಿಹೋದ ಮೇಲೂ ಬೇರೆ ಕಾರಣ ಹೇಳಿಕೊಂಡು ಇಲ್ಲೇ ಉಳಿದಳು. ಸೊಗಡವರೆಯ ಕಾಲ. ಮೊನ್ನೆ ಸೋಮವಾರ ಕಾಲೇಜಿಗೆ ರಜೆಯಿತ್ತು. ತಿಂಡಿ ನಾನೇ ಮಾಡಿ, ಇವತ್ತು ನೀನು ಏನೂ ಮಾಡಕೂಡದು ಎಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ಹತ್ತು ನಿಮಿಷ ಕೂತಳು. ಕಿಟಕಿ ನೋಡಿದಳು, ಸೆರಗು ಸರಿಮಾಡಿಕೊಂಡಳು. ಆಮೇಲೆ ಪಾತ್ರೆ ತೊಳೆದು ಬಂದು ನೋಡಿದರೆ ಮಡಿಲಲ್ಲಿ ಅವರೆಕಾಯಿಯ ಮೊರ.

"ಏನೂ ಮಾಡ್ಬೇಡ ಅಂದಿದ್ನಲ್ಲವ್ವ."

"ಕೂತ್ಕಂಡೇ ಇವ್ನಲ್ಲಪ್ಪ."

ಬಿಡಿಸಬೇಡ ಎಂದು ಹೇಳಲು ಬಾಯಿ ಬರಲಿಲ್ಲ. ಎಪ್ಪತ್ತು ವರ್ಷ ಅಭ್ಯಾಸವಿಲ್ಲದ ಕೈಗೆ ಒಂದೇ ಬೆಳಿಗ್ಗೆ ಸುಮ್ಮನಿರು ಎಂದರೆ ಅದೂ ಒಂದು ನೊಗವೇ ಇರಬೇಕು. ನಾನೂ ಪಕ್ಕದಲ್ಲಿ ಕೂತು ಒಂದೊಂದೇ ಕಾಯಿ ಸುಲಿಯತೊಡಗಿದೆ. ಸೊಗಡು ಬೆರಳಿಗೆ ಹತ್ತಿಕೊಂಡಿತು. ಬಹಳ ಹೊತ್ತು ಅಲುಗದೆ ಕೂತದ್ದಕ್ಕೆ ನನ್ನ ಕೈಯ ಗಡಿಯಾರ ಗುರ್ ಎಂದು ನಡುಗಿತು.

"ಏನಂತೆ ಅದು?" ಅಂದಳು.

"ಎದ್ದು ಓಡಾಡು ಅಂತದೆ."

"ಸ್ವಾಮಾರ ಅಂತ ಯೋಳು" ಎಂದು ಅವ್ವ ಕಾಳನ್ನು ಪಾತ್ರೆಗೆ ಹಾಕಿದಳು.